ಭಾಷೆ ತಾನಾಗಿಯೇ ಬೆಳೆಯುತ್ತದಂತೆ!

ಶಿಕಾರಿಪುರದ ರಾಜ್ಯೋತ್ಸವದ ಸಭೆಯೊಂದರಲ್ಲಿ ಮಹನೀಯರೊಬ್ಬರು ಆಡಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. ಶಾಲು ಹೊದ್ದು, ಹಾರ ಹಾಕಿಸಿಕೊಂಡು ಅವರು ಅಪ್ಪಣೆ ಕೊಡಿಸಿದ್ದು ಇಷ್ಟು: "ಸ್ಪ್ಯಾನಿಷ್ ಭಾಷೆಯನ್ನು ನೋಡಿ. ಯೂರೋಪಿನ ಒಂದು ಮೂಲೆಯಲ್ಲಿ ಹುಟ್ಟಿ ಇವತ್ತು ಇಪ್ಪತ್ತು ದೇಶಗಳಲ್ಲಿ ಆಡಳಿತ ಮಾಡುತ್ತಿದೆ. ಅದನ್ನು ಉಳಿಸಿರೆಂದು ಯಾರೂ ಮೆರವಣಿಗೆ ಹೊರಡಲಿಲ್ಲ, ಸರಕಾರಕ್ಕೆ ಅರ್ಜಿ ಹಾಕಲಿಲ್ಲ. ಶಕ್ತಿಯಿರುವ ಭಾಷೆ ತಾನಾಗಿಯೇ ಬೆಳೆಯುತ್ತದೆ. ಕನ್ನಡದವರು ಅಳುವುದನ್ನು ಬಿಟ್ಟು ಮಕ್ಕಳಿಗೆ ಇಂಗ್ಲೀಷು ಕಲಿಸಲಿ." ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಗಿರಣಿಯ ಜನ, ಸ್ಪ್ಯಾನಿಷ್ ಎಂದರೆ ಏನೋ ದೊಡ್ಡದಿರಬೇಕೆಂದು, ತಾವೂ ತಟ್ಟಿದರು.

ಅದೇ ವಾರ ಅಕ್ಕಿ ಗಿರಣಿಯ ಹಮಾಲರೊಬ್ಬರು ಸಂಜೆ ಹೊತ್ತು ನಮ್ಮ ಪಕ್ಷದ ಕಛೇರಿಗೆ ಬಂದರು. ಕೈಯಲ್ಲಿ ಒಂದು ಲಕೋಟೆ. "ಮೇಷ್ಟ್ರೇ, ಇದು ಏನಂತ ಸ್ವಲ್ಪ ನೋಡಿ. ಅಂಚೆಯವನು ಸಹಿ ಹಾಕಿಸ್ಕೊಂಡು ಕೊಟ್ಟ. ರಿಜಿಸ್ಟರ್ ಅಂದ ಮೇಲೆ ಒಳ್ಳೇದೇ ಇರಬೇಕು ಅಂತ ದೇವರ ಪಟದ ಹಿಂದೆ ಇಟ್ಟಿದ್ದೆ" ಎಂದರು. ಎರಡು ಪುಟದ ಇಂಗ್ಲೀಷು ಕಾಗದ. ಮಗನಿಗೆ ಆಟೋ ಕೊಡಿಸಲು ಮಾಡಿದ ಸಾಲದ ಕಂತು ಬಾಕಿಯಿದೆ, ಆಕ್ಷೇಪಣೆಯಿದ್ದರೆ ಹದಿನೈದು ದಿನದೊಳಗೆ ತಿಳಿಸತಕ್ಕದ್ದು, ತಪ್ಪಿದರೆ ಮುಂದಿನ ಕ್ರಮಕ್ಕೆ ತಾವೇ ಹೊಣೆ ಎಂದು ಅದರ ಒಕ್ಕಣೆ. ಕಾಗದ ತಲುಪಿ ಇಪ್ಪತ್ತೆರಡು ದಿನವಾಗಿತ್ತು. ಅವರು ಎರಡು ಕಂತು ಕಟ್ಟಿದ ರಸೀದಿ ಜೇಬಿನಲ್ಲೇ ಇತ್ತು! ಹೇಳಬೇಕಾದ ಮಾತು ಅವರ ಬಳಿ ಇತ್ತು, ಕೇಳಿದ ಪ್ರಶ್ನೆ ಮಾತ್ರ ಅವರಿಗೆ ತಿಳಿಯಲಿಲ್ಲ.

ಆದ್ದರಿಂದ ಆ ಮಹನೀಯರು ಎತ್ತಿದ ಸ್ಪ್ಯಾನಿಷ್ ಭಾಷೆಯ ಕಥೆಯನ್ನು ನಾವೂ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯವಾಗಿದೆ. ಅರ್ಧ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ನಮ್ಮ ದೇಶದ ಭಾಷಣಕಾರರ ಹಳೆಯ ಚಾಳಿ.

ಕ್ರಿಸ್ತಪೂರ್ವ 218ರಲ್ಲಿ ರೋಮಿನ ಸೈನ್ಯ ಸ್ಪೇಯಿನಿಗೆ ಕಾಲಿಟ್ಟಿತು. ಸೈನ್ಯದ ಹಿಂದೆ ವ್ಯಾಪಾರಿಗಳು, ತೆರಿಗೆಯವರು, ನ್ಯಾಯಾಧಿಕಾರಿಗಳು ಬಂದರು. ಅವರೆಲ್ಲರ ಮಾತು ಲ್ಯಾಟಿನ್. ಆ ನೆಲದ ಹಳೆಯ ಭಾಷೆಗಳು ಒಂದೊಂದಾಗಿ ಅಳಿದು ಬಾಸ್ಕ್ ಭಾಷೆಯೊಂದು ಮಾತ್ರ ಬೆಟ್ಟದ ಮರೆಯಲ್ಲಿ ಉಳಿಯಿತು. ಜನ ಕಲಿತದ್ದು ಪಂಡಿತರ ಲ್ಯಾಟಿನ್ ಅಲ್ಲ, ಸಿಪಾಯಿಯ ಮತ್ತು ಸಂತೆಯ ಲ್ಯಾಟಿನ್. ಅದು ಊರಿಗೊಂದು ಬಗೆಯಾಗಿ ಒಡೆಯಿತು. ಉತ್ತರದ ಗುಡ್ಡದ ಸೀಮೆಯಾದ ಕ್ಯಾಸ್ಟೀಲಿನಲ್ಲಿ ದಂಡಾಳುಗಳು, ಕುರಿ ಕಾಯುವವರು, ಒಕ್ಕಲುಗಳು ಆಡುತ್ತಿದ್ದ ಬಗೆಯೇ ಮುಂದೆ ಸ್ಪ್ಯಾನಿಷ್ ಆಯಿತು. ಅದನ್ನು ಬರೆಯಲು ಯೋಗ್ಯವಾದ ಭಾಷೆಯೆಂದು ಯಾರೂ ತಿಳಿದಿರಲಿಲ್ಲ. ಸ್ಯಾನ್ ಮಿಯಾನ್ ಎಂಬ ಮಠದಲ್ಲಿ ಸಾವಿರ ವರ್ಷದ ಹಿಂದೆ ಸನ್ಯಾಸಿಯೊಬ್ಬ ಲ್ಯಾಟಿನ್ ಹೊತ್ತಗೆಯ ಅಂಚಿನಲ್ಲಿ, ಅರ್ಥವಾಗದ ಮಾತುಗಳಿಗೆ ಜನರ ಆಡುಮಾತಿನಲ್ಲಿ ಟಿಪ್ಪಣಿ ಗೀಚಿಕೊಂಡ. ಆ ನೆಲದ ಆಡುಮಾತು ಬರಹಕ್ಕೆ ಬಂದ ಅತ್ಯಂತ ಹಳೆಯ ಗುರುತುಗಳಲ್ಲಿ ಅದೊಂದು. ಹೊತ್ತಗೆಯ ನಡುವೆ ಜಾಗ ಸಿಗಲಿಲ್ಲ, ಅಂಚಿನಲ್ಲಿ ಸಿಕ್ಕಿತು.

ಅಂಚಿನಿಂದ ಅದು ನಡುವಿಗೆ ಬಂದದ್ದು ಹೇಗೆ? ತಾನಾಗಿಯೇ ಅಲ್ಲ. 1252ರಿಂದ 1284ರವರೆಗೆ ಆಳಿದ ಹತ್ತನೆಯ ಅಲ್ಫಾನ್ಸೊ ಎಂಬ ದೊರೆ ಕಾನೂನು, ಚರಿತ್ರೆ, ಖಗೋಳಶಾಸ್ತ್ರ ಇವನ್ನು ಆ ಆಡುಮಾತಿನಲ್ಲಿಯೇ ಬರೆಯಿಸಿದ. ಅರಬ್ಬಿಯ ಗ್ರಂಥಗಳನ್ನು ಯೆಹೂದಿ, ಕ್ರೈಸ್ತ, ಮುಸಲ್ಮಾನ ವಿದ್ವಾಂಸರಿಂದ ತರ್ಜುಮೆ ಮಾಡಿಸಿದ. ಅಂದರೆ ಸರಕಾರ ಸಂಬಳ ಕೊಟ್ಟು, ಕಾನೂನು ಬರೆಸಿ, ಕಷ್ಟಪಟ್ಟು ಬೆಳೆಸಿದ ಭಾಷೆ ಅದು. ಈ ಮಾತಿನಲ್ಲಿ ಶಾಸ್ತ್ರ ಹೇಳಲಾಗದು ಎಂಬ ಮಂದಿ ಅಲ್ಲಿಯೂ ಇದ್ದಿರಲೇಬೇಕು. ಅವರ ಹೆಸರು ಉಳಿದಿಲ್ಲ, ಅಷ್ಟೇ.

ಅರಬ್ಬರಿಂದ ಅದು ಸಾವಿರಾರು ಶಬ್ದಗಳನ್ನೂ ಎತ್ತಿಕೊಂಡಿತು. ಸಕ್ಕರೆಗೆ ಅವರು ಅಸೂಕರ್ ಎನ್ನುತ್ತಾರೆ; ನಮ್ಮ ನಾಡಿನ ಶರ್ಕರವೇ ಪಾರಸಿ ಅರಬ್ಬಿಗಳನ್ನು ದಾಟಿ ಅಲ್ಲಿಗೆ ಹೋದದ್ದು. ಕಿತ್ತಳೆಗೆ ನರಾಂಹ ಎಂಬ ಅವರ ಹೆಸರೂ ನಮ್ಮ ನಾರಂಗದ ಮೊಮ್ಮಗ. ಶುದ್ಧ ಭಾಷೆಯ ಜಪ ಮಾಡುವ ನಮ್ಮ ಪಂಡಿತರು ಇದನ್ನು ಗಮನಿಸಬೇಕು. ಯಾವ ಮಂಡಿಯಲ್ಲಿಯೂ ಒಂದೇ ಊರಿನ ಮಾಲು ಇರುವುದಿಲ್ಲ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಮುಂದಿನದನ್ನು ಆ ಮಹನೀಯರು ನುಂಗಿಕೊಂಡರು.

1492ನೆಯ ಇಸವಿಯಲ್ಲಿ ನಾಲ್ಕು ಸಂಗತಿಗಳು ನಡೆದವು. ಮುಸಲ್ಮಾನರ ಕೊನೆಯ ರಾಜ್ಯ ಗ್ರಾನಾಡಾ ಬಿದ್ದಿತು. ಮತ ಬದಲಿಸದ ಯೆಹೂದಿಗಳನ್ನು ದೇಶದಿಂದ ಹೊರಕ್ಕೆ ಅಟ್ಟಿದರು. ನೆಬ್ರಿಹಾ ಎಂಬ ಪಂಡಿತ ಕ್ಯಾಸ್ಟೀಲಿನ ಭಾಷೆಗೆ ವ್ಯಾಕರಣ ಬರೆದು ರಾಣಿ ಇಸಬೆಲ್ಲಳಿಗೆ ಒಪ್ಪಿಸಿದ. ಕೊಲಂಬಸ್ ಸಮುದ್ರ ದಾಟಿದ. ವ್ಯಾಕರಣದ ಮುನ್ನುಡಿಯಲ್ಲಿ ಪಂಡಿತ ಮುಚ್ಚುಮರೆಯಿಲ್ಲದೆ ಹೇಳಿದ: ಭಾಷೆಯೂ ಸಾಮ್ರಾಜ್ಯವೂ ಜೊತೆಯಾಗಿ ನಡೆಯತಕ್ಕವು, ಗೆದ್ದ ಜನಕ್ಕೆ ಗೆದ್ದವನ ಕಾನೂನು ಬೇಕಾಗುತ್ತದೆ, ಕಾನೂನಿನೊಡನೆ ಭಾಷೆಯೂ ಬೇಕಾಗುತ್ತದೆ, ಎಂಬ ಅರ್ಥದಲ್ಲಿ. ಈ ಮನುಷ್ಯನಲ್ಲಿ ನಮಗೆ ಒಂದು ವಿಧದ ಗೌರವವಿದೆ. ಭಾಷೆ ತಾನಾಗಿಯೇ ಬೆಳೆಯುತ್ತದೆಂಬ ಸುಳ್ಳನ್ನು ಅವನು ಹೇಳಲಿಲ್ಲ.

1513ರಲ್ಲಿ ಸ್ಪೇಯಿನಿನ ಆಸ್ಥಾನ ಒಂದು ಹುಕುಮನ್ನು ಸಿದ್ಧಪಡಿಸಿತು. ರೆಕೆರಿಮಿಯೆಂತೊ ಎಂದು ಅದರ ಹೆಸರು. ಅಮೆರಿಕದ ಯಾವ ಊರಿಗೆ ನುಗ್ಗುವ ಮೊದಲೂ ಅದನ್ನು ಆ ಜನಕ್ಕೆ ಓದಿ ಹೇಳಬೇಕು. ಪೋಪನೂ ದೊರೆಯೂ ನಿಮಗೆ ಒಡೆಯರು. ಒಪ್ಪಿದರೆ ಸರಿ, ಒಪ್ಪದಿದ್ದರೆ ನಿಮ್ಮ ಮೇಲೆ ಯುದ್ಧ ಮಾಡಿ ಹೆಂಡಿರು ಮಕ್ಕಳನ್ನು ಗುಲಾಮರಾಗಿ ಒಯ್ಯುತ್ತೇವೆ. ಆಗುವ ಸಾವುನೋವಿಗೆ ನೀವೇ ಹೊಣೆ. ಓದುತ್ತಿದ್ದದ್ದು ಅವರಿಗೆ ತಿಳಿಯದ ಭಾಷೆಯಲ್ಲಿ. ಕೆಲವೆಡೆ ಜನ ಓಡಿಹೋದ ಬರಿ ಹಟ್ಟಿಗಳಿಗೆ, ಕೆಲವೆಡೆ ಮರಗಳಿಗೆ ಓದಿದರು. ಓದಿದ್ದಾಯಿತೆಂದು ಪಕ್ಕದಲ್ಲಿ ನಿಂತ ಬರಹಗಾರ ಸಹಿ ಹಾಕಿದರೆ ಕಾನೂನಿನ ಪ್ರಕಾರ ಎಲ್ಲ ಕ್ರಮವಾಗಿ ನಡೆದಂತೆ! ಲಾಸ್ ಕಾಸಾಸ್ ಎಂಬ ಸ್ಪೇಯಿನಿನ ಪಾದ್ರಿಯೇ ಇದನ್ನು ಕಂಡು ಹೇಸಿದ.

ಓದುಗ ಬಂಧುಗಳೇ, ದೇವರ ಪಟದ ಹಿಂದೆ ಇಪ್ಪತ್ತೆರಡು ದಿನ ಕುಳಿತ ನಮ್ಮ ಹಮಾಲರ ಕಾಗದವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ತಿಳಿಯದ ಭಾಷೆ, ಗೊತ್ತಾದ ವಾಯಿದೆ, ತಲುಪಿತೆಂಬ ಸಹಿ, ಮುಂದಿನದಕ್ಕೆ ನೀವೇ ಹೊಣೆ ಎಂಬ ಒಕ್ಕಣೆ. ಕತ್ತಿಯೊಂದಿಲ್ಲ ನಿಜ. ಆಟೋ ಎಳೆದೊಯ್ಯಲು ಕತ್ತಿ ಬೇಕಾಗಿಲ್ಲ.

ಮುಂದಿನ ಮುನ್ನೂರು ವರ್ಷಗಳಲ್ಲಿ ಆಗಿದ್ದೇನು? ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿಯಲ್ಲಿ 1545ರಲ್ಲಿ ಬೆಳ್ಳಿ ಸಿಕ್ಕಿತು. ಊರೂರಿನಿಂದ ಸರದಿಯ ಮೇಲೆ ಬಿಟ್ಟಿ ಆಳುಗಳನ್ನು ಗಣಿಗೆ ಇಳಿಸಿದರು. ಕೆಲಸ ತೆಗೆಯಲು ಮತ್ತು ಮತ ಬೋಧಿಸಲು ಜನರ ಭಾಷೆಯೇ ಸುಲಭವೆಂದು ಕಂಡಾಗ ಪಾದ್ರಿಗಳು ಕೆಚುವಾ, ನಾವಾತ್ಲ್ ಭಾಷೆಗಳನ್ನು ಕಲಿತರು, ಅವುಗಳಿಗೆ ವ್ಯಾಕರಣವನ್ನೂ ಬರೆದರು. ಆ ಜನ ಎದುರು ನಿಲ್ಲತೊಡಗಿದ ಮೇಲೆ ಅದೇ ಭಾಷೆಗಳು ಅಪಾಯವೆನಿಸಿದವು. 1770ರಲ್ಲಿ ಮೂರನೆಯ ಕಾರ್ಲೋಸ್ ದೊರೆ ಅವುಗಳನ್ನು ಅಳಿಸಿ ಸ್ಪ್ಯಾನಿಷನ್ನೇ ನಡೆಸಬೇಕೆಂದು ಅಪ್ಪಣೆ ಹೊರಡಿಸಿದ. ಪೆರುವಿನಲ್ಲಿ 1780ರಲ್ಲಿ ತುಪಾಕ್ ಅಮಾರು ದಂಗೆ ಎದ್ದು, ಅದನ್ನು ರಕ್ತದಲ್ಲಿ ಮುಳುಗಿಸಿದ ಮೇಲೆ ಕೆಚುವಾ ಭಾಷೆಗೂ ಆ ಜನದ ಉಡುಪಿಗೂ ಬಹಿಷ್ಕಾರ ಬಿತ್ತು.

ಆದರೂ ಸ್ವಾತಂತ್ರ್ಯ ಬಂದಾಗ ಮೆಕ್ಸಿಕೋದ ಹೆಚ್ಚಿನ ಜನ ತಮ್ಮ ಹಳೆಯ ಭಾಷೆಗಳನ್ನೇ ಆಡುತ್ತಿದ್ದರು. ಈಗ ಅಂಥವರು ನೂರಕ್ಕೆ ಸುಮಾರು ಆರು. ಉಳಿದ ಕೆಲಸವನ್ನು ಮುಗಿಸಿದ್ದು ಸ್ಪೇಯಿನಿನ ದೊರೆಯಲ್ಲ, ಸ್ವತಂತ್ರ ಸರಕಾರಗಳ ಶಾಲೆ, ಕೋರ್ಟು, ಕಛೇರಿ, ಕೂಲಿ. ಇದು ನಮ್ಮ ದೇಶದವರು ಎರಡು ಸಲ ಓದಿಕೊಳ್ಳಬೇಕಾದ ಸಂಗತಿ.

ಇದಕ್ಕೆ ಎದುರಾಗಿ ಫಿಲಿಪೈನ್ಸ್ ಇದೆ. 1565ರಿಂದ 1898ರವರೆಗೆ ಅಲ್ಲಿ ಸ್ಪೇಯಿನಿನ ಆಳ್ವಿಕೆ. ಆದರೂ ಸ್ಪ್ಯಾನಿಷ್ ಜನರ ಭಾಷೆಯಾಗಲಿಲ್ಲ, ಏಕೆಂದರೆ ಜನಕ್ಕೆ ಅದನ್ನು ಕಲಿಸುವ ಶಾಲೆಗಳನ್ನು ಪಾದ್ರಿಗಳು ಹೆಚ್ಚಾಗಿ ನಡೆಸಲಿಲ್ಲ. ಅನಂತರ ಬಂದ ಅಮೆರಿಕದವರು ಊರೂರಿಗೆ ಶಾಲೆ ತೆರೆದು, ನೌಕರಿಗೆ ಇಂಗ್ಲೀಷನ್ನು ಗಂಟು ಹಾಕಿದರು. ಕೆಲವೇ ದಶಕಗಳಲ್ಲಿ ಇಂಗ್ಲೀಷು ಹಬ್ಬಿತು. ಸ್ಪ್ಯಾನಿಷಿನ ಶಕ್ತಿ ಸಮುದ್ರದ ಆಚೆಗೆ ಒಂದು, ಈಚೆಗೆ ಒಂದೇ? ಮಹನೀಯರು ಉತ್ತರ ಕೊಡಲಿ.

ಅಷ್ಟು ದೂರ ಏಕೆ? ಶಿರಾಳಕೊಪ್ಪದಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ತಾಳಗುಂದವಿದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನಮ್ಮ ಓದುಗರು ನೋಡಿಯೇ ಇರುತ್ತೀರಿ. ಬ್ರಾಹ್ಮಣ ವಟುವಾಗಿದ್ದ ಮಯೂರಶರ್ಮ ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆಯನ್ನು ಕುಬ್ಜನೆಂಬ ಕವಿ ಅದರಲ್ಲಿ ಕೊರೆದಿದ್ದಾನೆ. ಕನ್ನಡ ನಾಡಿನ ಮೊದಲ ರಾಜಮನೆತನದ ಕಥೆ. ಭಾಷೆ ಯಾವುದು? ಸಂಸ್ಕೃತ! ಅದೇ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯಲ್ಲಿ ಇನ್ನೂ ಹಳೆಯ ಕಂಬವೊಂದಿದೆ. ಚುಟು ದೊರೆ ಸಾತಕರ್ಣಿಯದು. ಅದರ ಭಾಷೆ ಪ್ರಾಕೃತ. ಕಂಬದ ಸುತ್ತ ನೇಗಿಲು ಹಿಡಿದವನ ಮಾತು ಯಾವುದೆಂದು ಕಂಬ ಹೇಳುವುದಿಲ್ಲ. ತಾಳಗುಂದದ ದೇವಾಲಯದ ಕಟಾಂಜನದ ಕಲ್ಲಿನ ಮೇಲೆ 2013ರಲ್ಲಿ ಕನ್ನಡದ ಬರಹ ಸಿಕ್ಕಿತು. ಪುರಾತತ್ವ ಇಲಾಖೆಯವರು ಅದನ್ನು ಕ್ರಿ.ಶ. 370ರದೆಂದು, ಹಲ್ಮಿಡಿಗಿಂತಲೂ ಹಳೆಯದೆಂದು ಹೇಳಿದ್ದಾರೆ. ಆ ಕಾಲವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಜಗಳ ಅವರಿಗಿರಲಿ. ನಮಗೆ ಮುಖ್ಯವಾದದ್ದು, ಒಂದೇ ತಾಲ್ಲೂಕಿನ ಮೂರು ಬರಹಗಳಲ್ಲಿ ದೊರೆತನದ ಭಾಷೆ ಕೈ ಬದಲಾಯಿಸಿದ್ದು ಕಾಣುತ್ತದೆ ಎಂಬುದು. ಕನ್ನಡವೂ ಸ್ಯಾನ್ ಮಿಯಾನಿನ ಟಿಪ್ಪಣಿಯ ಹಾಗೆ ಅಂಚಿನಿಂದಲೇ ಬಂದದ್ದು.

ಮುಂದೆ ಅದೇ ಕನ್ನಡ ಎಲ್ಲಿಯವರೆಗೆ ಹೋಯಿತು! ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಶಾಸನ ಮಧ್ಯಪ್ರದೇಶದ ಜೂರಾದಲ್ಲಿ ಸಿಕ್ಕಿದೆ. ಆದರೆ ಇಂದು ಜೂರಾದಲ್ಲಿ ಕನ್ನಡ ಆಡುವವರಿಲ್ಲ. ಬಂಗಾಳವನ್ನು ಆಳಿದ ಸೇನರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದೇ ಕರೆದುಕೊಂಡರು. ಅಲ್ಲಿ ಅವರು ಬೆಳೆಸಿದ್ದು ಸಂಸ್ಕೃತವನ್ನು. ದಂಡು ಹೋದಲ್ಲೆಲ್ಲ ಭಾಷೆ ಉಳಿಯುವುದಿಲ್ಲ. ಕನ್ನಡ ಉಳಿದದ್ದು ಬಳ್ಳಿಗಾವಿಯಂಥ ಊರುಗಳಲ್ಲಿ. ಅಲ್ಲಿನ ಕೋಡಿಯ ಮಠದ 1162ರ ಶಾಸನವನ್ನು ನೋಡಿರಿ. ವ್ಯಾಕರಣ, ವೇದ, ತರ್ಕಗಳನ್ನು ಓದಿಸುವುದರ ಜೊತೆಗೆ ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಮದ್ದು ಕೊಡುವ ಜಾಗವೆಂದು ಆ ಮಠವನ್ನು ವರ್ಣಿಸಿದೆ. ಆ ಕಾಲದ ಬಳ್ಳಿಗಾವಿಯ ಸೀಮೆಯವನೇ ಅಲ್ಲಮ, ಉಡುತಡಿಯವಳೇ ಅಕ್ಕ ಮಹಾದೇವಿ. ಅವರು ದೇವರ ಜೊತೆ ಜಗಳಕ್ಕೆ ನಿಂತದ್ದೂ ಮನೆಯ ಮಾತಿನಲ್ಲಿ. ಕೆಳದಿಯ ಅರಸರ ಕಾಲದ ಕಡತಗಳೂ ಕನ್ನಡವೇ. ಶಿವಪ್ಪನಾಯಕನ ಶಿಸ್ತು ನಮ್ಮ ಅಜ್ಜಂದಿರಿಗೆ ತಿಳಿದದ್ದು ಕನ್ನಡದಲ್ಲಿ. ಕಂದಾಯ ಹಗುರವಾಗಿತ್ತೆಂದು ನಾವು ಹೇಳುತ್ತಿಲ್ಲ. ಸುಲಿಯುವವನೂ ಆಗ ತಿಳಿಯುವ ಮಾತಿನಲ್ಲಿ ಸುಲಿಯುತ್ತಿದ್ದ, ಎದುರು ಮಾತಾಡಲು ಅಷ್ಟು ಅವಕಾಶವಾದರೂ ಇತ್ತು.

ಈಗ ಏನಿದೆ? 1963ರಲ್ಲಿ ಕನ್ನಡವನ್ನು ರಾಜಭಾಷೆಯೆಂದು ಕಾನೂನು ಮಾಡಿದರು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟರು. ಆ ಹೆಸರಿಗಾಗಿ ವಿಧಾನಸಭೆಯಲ್ಲಿ ಗುಡುಗಿದ ಶಾಂತವೇರಿ ಗೋಪಾಲಗೌಡರು ಅದನ್ನು ನೋಡಲು ಉಳಿದಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಆಮೇಲೆ ಸಮಗ್ರ ಅಭಿವೃದ್ಧಿಯೆಂದು ಇನ್ನೊಂದು ಕಾನೂನು. ಕಾನೂನಿಗೆ ಬರಗಾಲವಿಲ್ಲ. ಆದರೆ ಹೈಕೋರ್ಟಿನಲ್ಲಿ ಸಂವಿಧಾನದ 348ನೆಯ ವಿಧಿಯ ಪ್ರಕಾರ ಇಂಗ್ಲೀಷೇ ನಡೆಯುತ್ತದೆ. ಅದೇ ವಿಧಿಯಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರದವರು ತಮ್ಮ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶ ಮಾಡಿಕೊಂಡಿದ್ದಾರೆ. ಸೊರಬದ ರೈತನ ಬಗರ್‌ಹುಕುಂ ಜಮೀನಿನ ತಂಟೆ ಬೆಂಗಳೂರು ಮುಟ್ಟಿತೆಂದರೆ, ತನ್ನ ಜಮೀನು ಹೋಯಿತೋ ಉಳಿಯಿತೋ ಎಂಬುದನ್ನು ವಕೀಲರ ಮುಖ ನೋಡಿ ತಿಳಿಯಬೇಕು. ಸಣ್ಣ ವ್ಯಾಪಾರಿಗಳ ಪಾಡೂ ಬೇರೆಯಲ್ಲ. 2017ರ ಜುಲೈಯಿಂದ ಜಿ.ಎಸ್.ಟಿ. ಬಂದ ಮೇಲೆ ನೋಟೀಸು ಅಂಗಡಿ ಬಾಗಿಲಿಗೂ ಬರುವುದಿಲ್ಲ, ಇಂಗ್ಲೀಷಿನಲ್ಲಿ ಕಂಪ್ಯೂಟರಿನೊಳಗೆ ಬಂದು ಕೂರುತ್ತದೆ. ಅದನ್ನು ಓದಿಸಲು ಒಬ್ಬ ಲೆಕ್ಕಿಗ, ಅವನಿಗೆ ತಿಂಗಳ ಸಂಬಳ. ಕಿರಾಣಿ ಅಂಗಡಿಯವನಿಗೆ ಇದು ಸರಕಾರ ವಿಧಿಸದೆ ವಸೂಲಾಗುವ ಇನ್ನೊಂದು ತೆರಿಗೆ.

ಕಾಗೋಡಿನ ಜಗಳ ಶುರುವಾದದ್ದು ಕೊಳಗದಿಂದ ಎಂಬುದನ್ನು ಹಿರಿಯರು ಬಲ್ಲರು. ಗೇಣಿ ಅಳೆಯುವ ಕೊಳಗ ಒಡೆಯನ ಮನೆಯದು, ಅಳತೆಗಿಂತ ದೊಡ್ಡದು. ಗೇಣಿದಾರರು ಕೇಳಿದ್ದು ಸರಿಯಾದ ಕೊಳಗ. 1951ರಲ್ಲಿ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದದ್ದು ಆ ಹೋರಾಟದಲ್ಲಿ. ಅದೇ ಲೋಹಿಯಾ ಮುಂದೆ ಇಂಗ್ಲೀಷು ತೊಲಗಲಿ ಎಂದಾಗ ಪಟ್ಟಣದ ವಿದ್ಯಾವಂತರು ನಕ್ಕರು. ಅವರು ಇಂಗ್ಲೀಷು ಓದಬೇಡಿರೆಂದು ಹೇಳಲಿಲ್ಲ. ಕೋರ್ಟು, ಕಛೇರಿ, ಶಾಲೆಗಳಲ್ಲಿ ಅದು ಅಳತೆಯ ಕೊಳಗವಾಗಿ ಕುಳಿತಿರುವುದನ್ನು ಎಬ್ಬಿಸಿರೆಂದರು. ದುಡಿಯುವವನ ಬುದ್ಧಿ, ಅನುಭವ, ಹಕ್ಕು ಎಲ್ಲವನ್ನೂ ಒಡೆಯನ ಮನೆಯ ಕೊಳಗದಲ್ಲಿ ಅಳೆದರೆ ಕಡಿಮೆಯೇ ಬೀಳುತ್ತದೆ.

"ಹಾಗಾದರೆ ನಮ್ಮ ಮಕ್ಕಳು ಇಂಗ್ಲೀಷು ಕಲಿಯಬಾರದೇ?" ಎಂದು ಗಿರಣಿಯ ಗೆಳೆಯರು ಕೇಳುತ್ತಾರೆ. ಕಲಿಯಲಿ, ಚೆನ್ನಾಗಿ ಕಲಿಯಲಿ. ಅನ್ನ ಅದರಲ್ಲಿ ಇದೆಯೆಂದು ಕಂಡೇ ನೀವು ಸಾಲ ಮಾಡಿ ಕಾನ್ವೆಂಟಿಗೆ ಹಣ ಕಟ್ಟುತ್ತೀರಿ. ಆ ಲೆಕ್ಕ ತಪ್ಪೆಂದು ಹೇಳುವ ಧೈರ್ಯ ನಮಗಿಲ್ಲ. ನಮ್ಮ ಪಕ್ಷದ ಮುಖಂಡರ ಮಕ್ಕಳೂ ಅಲ್ಲೇ ಓದುತ್ತಿರುವಾಗ ನಿಮಗೆ ಉಪದೇಶ ಮಾಡುವುದು ನಾಚಿಕೆಗೇಡು. ನಮ್ಮ ಜಗಳ ನಿಮ್ಮ ಲೆಕ್ಕದೊಡನೆ ಅಲ್ಲ, ಅನ್ನವನ್ನು ಆ ಪಾತ್ರೆಯಲ್ಲಿ ಮಾತ್ರ ಬಡಿಸುವವರೊಡನೆ.

ಇನ್ನೊಂದು ಮಾತಿದೆ. ಅದನ್ನು ಹೇಳದೆ ಬಿಟ್ಟರೆ ನಾವೂ ಆ ಮಹನೀಯರ ಹಾಗೆ ಅರ್ಧ ಕಥೆ ಹೇಳಿದಂತೆ. ಕ್ಯಾಸ್ಟೀಲಿನವರು ಎರಡು ಕೆಲಸ ಮಾಡಿದರು. ತಮ್ಮ ಆಡುಮಾತನ್ನು ಲ್ಯಾಟಿನಿನ ಕೆಳಗಿಂದ ಎತ್ತಿ ನಿಲ್ಲಿಸಿದರು. ಆಮೇಲೆ ಅದನ್ನೇ ಚಾವಟಿ ಮಾಡಿಕೊಂಡರು, ಹೊರಗೂ ಒಳಗೂ. 1939ರ ನಂತರ ಫ್ರಾಂಕೋ ಎಂಬ ಸರ್ವಾಧಿಕಾರಿ ಸ್ಪೇಯಿನಿನಲ್ಲೇ ಕಟಲಾನ್, ಬಾಸ್ಕ್ ಭಾಷೆಗಳನ್ನು ಶಾಲೆ ಕಛೇರಿಗಳಿಂದ ಹೊರದಬ್ಬಿದ. ನಮ್ಮ ನೆರೆಯ ಗೋವೆಯಲ್ಲಿ 1684ರಲ್ಲಿ ಪೋರ್ತುಗೀಜರ ವೈಸರಾಯ್ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ತುಗೀಜ್ ಆಡಬೇಕೆಂದು ಅಪ್ಪಣೆ ಮಾಡಿದ್ದ. ಕನ್ನಡಕ್ಕೆ ನಾವು ಬೇಡುವುದು ಮೊದಲ ಕೆಲಸವನ್ನು ಮಾತ್ರ.

ಏಕೆ ಹೇಳುತ್ತೇವೆಂದರೆ, ನಾವು ಮೇಷ್ಟರಾಗಿದ್ದ ಕಾಲದಲ್ಲಿ ತಾಂಡಾದ ಮಕ್ಕಳು ಒಂದನೆಯ ಇಯತ್ತೆಗೆ ಬರುತ್ತಿದ್ದರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಒಬ್ಬ ಹುಡುಗ ನೀರು ಬೇಕೆಂದು ತನ್ನ ಮಾತಿನಲ್ಲಿ ಕೇಳಿದ. ಕನ್ನಡದಲ್ಲಿ ಕೇಳುವ ತನಕ ಕೊಡುವುದಿಲ್ಲವೆಂದು ನಾವು ಕೂರಿಸಿದೆವು. ಕಲಿಸುತ್ತಿದ್ದೇವೆಂದೇ ನಮ್ಮ ನಂಬಿಕೆ. ಮೂರು ದಿನ ಬಿಟ್ಟು ಹುಡುಗ ಶಾಲೆಗೆ ಬರುವುದನ್ನೇ ನಿಲ್ಲಿಸಿದ. ಅವನ ಅಪ್ಪ ಶುಂಠಿ ಹೊಲದ ಕೆಲಸಕ್ಕೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿದ್ದ. ಇವತ್ತು ಸ್ಪೇಯಿನಿನ ಪಾದ್ರಿಯ ಬಗ್ಗೆ ಸಿಟ್ಟಿನಿಂದ ಬರೆಯುವಾಗ ಆ ಹುಡುಗನ ಮುಖ ಎದುರಿಗೆ ಬರುತ್ತದೆ. 2011ರ ಜನಗಣತಿಯಲ್ಲಿ ಲಂಬಾಣಿ ಆಡುವವರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದರು. ಹಿಂದಿ ಹೇರಿಕೆಯೆಂದು ಕೂಗುವ ನಾವು ಯಾರೂ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಗಿರಣಿಯಲ್ಲಿ ಚೀಲ ಹೊರುವವರಲ್ಲಿ ಮನೆಯಲ್ಲಿ ಉರ್ದು, ತಮಿಳು, ಲಂಬಾಣಿ ಆಡುವವರೂ ಇದ್ದಾರೆ. ಅವರನ್ನು ಹೊರಗಿಟ್ಟು ಮಾಡುವ ಕನ್ನಡ ಚಳವಳಿ ನಮಗೆ ಬೇಡ.

ಈಗ ಮಂಡಿಯಲ್ಲಿ ಮೆಕ್ಕೆಜೋಳದ ರಾಶಿ ಬಿದ್ದಿರುತ್ತದೆ. ಸ್ಪ್ಯಾನಿಷಿನಲ್ಲಿ ಅದಕ್ಕೆ ಮಾಯೀಸ್ ಎನ್ನುತ್ತಾರೆ, ಇಂಗ್ಲೀಷಿನವರ ಮೇಯ್ಜ್ ಅದರಿಂದ ಬಂದದ್ದು. ಮೂಲದಲ್ಲಿ ಅದು ಕೊಲಂಬಸನಿಗೆ ಮೊದಲು ಎದುರಾದ ತಾಯಿನೋ ಜನರ ಮಾತು. ಅವರ ಭಾಷೆ ಎಂದೋ ಅಳಿದುಹೋಯಿತು. ಸೊರಬದ ಕಡೆಯ ಅನಾನಸಿನ ಹೆಸರೂ ದಕ್ಷಿಣ ಅಮೆರಿಕದ ತುಪಿ ಜನರಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಬೆಳೆ ಉಳಿಯಿತು, ಹೆಸರು ಉಳಿಯಿತು, ಹೆಸರಿಟ್ಟವರ ಗತಿ ಹೀಗಾಯಿತು. ಭಾಷೆ ತಾನಾಗಿಯೇ ಬೆಳೆಯುತ್ತದೆ ಎನ್ನುವವರು, ತಾನಾಗಿಯೇ ಸಾಯುತ್ತದೆ ಎಂದೂ ಹೇಳಲು ಹೇಸುವವರಲ್ಲ.

ಹಮಾಲರ ಕಾಗದದ ವಿಚಾರ ಹೇಳಿ ಮುಗಿಸುತ್ತೇವೆ. ರಸೀದಿಗಳ ನಕಲು ಇಟ್ಟು, ತಮ್ಮ ನೋಟೀಸು ನಮಗೆ ತಿಳಿಯುವ ಭಾಷೆಯಲ್ಲಿಲ್ಲ, ಕನ್ನಡದಲ್ಲಿ ಕಳಿಸಿದ ದಿನದಿಂದ ಹದಿನೈದು ದಿನ ಎಣಿಸತಕ್ಕದ್ದು ಎಂದು ಕನ್ನಡದಲ್ಲಿಯೇ ಉತ್ತರ ಬರೆದು, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇವೆ. ಮೂರು ವಾರವಾಯಿತು, ಉತ್ತರ ಬಂದಿಲ್ಲ. ಆಟೋ ಇನ್ನೂ ಮನೆಯ ಮುಂದೆಯೇ ನಿಂತಿದೆ. ಇಂಥ ಕಾಗದಗಳು ಯಾರ ಮನೆಯ ದೇವರ ಪಟದ ಹಿಂದೆ ಇದ್ದರೂ ತೆಗೆದುಕೊಂಡು ಬನ್ನಿ. ಪಕ್ಷದ ಕಛೇರಿಯ ಬಾಗಿಲು ಸಂಜೆ ಆರರಿಂದ ಗಿರಣಿಯ ಎರಡನೆಯ ಪಾಳಿಯವರು ಬರುವ ತನಕ ತೆರೆದಿರುತ್ತದೆ. ಲಂಬಾಣಿ ಮತ್ತು ಉರ್ದುವಿನಲ್ಲಿ ಬರೆದುಕೊಡುವವರನ್ನೂ ಗೊತ್ತು ಮಾಡಿದ್ದೇವೆ.